85 ಡಾಲರ್ ದಂಡ ಮತ್ತು ಪೌರತ್ವದ ಅರ್ಜಿ: ನಮ್ಮ ಮನೆಯ ಒಂದು ಪ್ರಕರಣ

ಜುಲೈ 2025ರ ಒಂದು ಭಾನುವಾರ ರಾತ್ರಿ, ಊಟವಾದ ಮೇಲೆ, ಇವರು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಮೆರಿಕದ ಪೌರತ್ವಕ್ಕೆ ಅರ್ಜಿ ತುಂಬಿದರು. ಗ್ರೀನ್ ಕಾರ್ಡ್ ಕೈಗೆ ಬಂದದ್ದು 2020ರ ಅಕ್ಟೋಬರ್‌ನಲ್ಲಿ. ಪೌರತ್ವಕ್ಕೆ ಬೇಕಾದ ಐದು ವರ್ಷ ತುಂಬುವುದಕ್ಕೆ 90 ದಿನ ಮೊದಲೇ ಎನ್-400 ಎಂಬ ಅರ್ಜಿ ನಮೂನೆಯನ್ನು ಸಲ್ಲಿಸಲು ಅವಕಾಶವಿದೆ. ಆ ಮೊದಲ ವಾರದಲ್ಲೇ ಸಲ್ಲಿಸಿಬಿಡಬೇಕೆಂಬ ಆತುರ ಇವರಿಗೆ. 710 ಡಾಲರ್ ಶುಲ್ಕ ಕಟ್ಟಿ ಮುಗಿಸುವಾಗ ಹನ್ನೊಂದೂವರೆ ದಾಟಿತ್ತು. ನಾನು ಪಕ್ಕದಲ್ಲಿ ಕೂತು ಮರುದಿನದ ಡಬ್ಬಿಗೆ ಹುರುಳಿಕಾಯಿ ಹೆಚ್ಚುತ್ತಿದ್ದೆ. ಒಂಬತ್ತನೆಯ ಭಾಗಕ್ಕೆ ಬಂದಾಗ ಇವರು ಪ್ರಶ್ನೆಗಳನ್ನು ಗಟ್ಟಿಯಾಗಿ ಓದತೊಡಗಿದರು. ನರಮೇಧದಲ್ಲಿ ಭಾಗವಹಿಸಿದ್ದೀರಾ, ಚಿತ್ರಹಿಂಸೆ ಕೊಟ್ಟಿದ್ದೀರಾ, ಭಯೋತ್ಪಾದಕ ಸಂಘಟನೆಯಲ್ಲಿ ಇದ್ದಿರಾ? ಇಲ್ಲ, ಇಲ್ಲ, ಇಲ್ಲ. ಅದೇ ಓಟದಲ್ಲಿ ಇನ್ನೊಂದು ಪ್ರಶ್ನೆಗೂ ‘ಇಲ್ಲ’ ಬಿತ್ತು. ಅದು ಬೀಳಬಾರದಾಗಿತ್ತು.

ಆ ಪ್ರಶ್ನೆಯ ತಾತ್ಪರ್ಯ ಇದು: ಯಾವುದೇ ಪೊಲೀಸ್, ಸೇನೆ ಅಥವಾ ವಲಸೆ ಅಧಿಕಾರಿ, ಅಮೆರಿಕದಲ್ಲಾಗಲಿ ಬೇರೆಡೆಯಾಗಲಿ, ಯಾವುದೇ ಕಾರಣಕ್ಕೆ ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ, ‘ಸೈಟ್’ ಮಾಡಿದ್ದಾರೆಯೇ, ತಡೆದು ಇರಿಸಿಕೊಂಡಿದ್ದಾರೆಯೇ? ‘ಎಂದಾದರೂ’ ಎಂಬ ಮಾತನ್ನು ದಪ್ಪ ದೊಡ್ಡಕ್ಷರದಲ್ಲಿ ಅಚ್ಚು ಮಾಡಿದ್ದಾರೆ. ಇವರ ಕಣ್ಣು ‘ಬಂಧನ’ದ ಮೇಲೆ ಬಿತ್ತು, ಅಲ್ಲಿಂದ ನೇರ ಮುಂದಕ್ಕೆ ಹೋಯಿತು. ನಡುವಿನ ಪದವನ್ನು ಓದಿಯೂ ಓದಲಿಲ್ಲ.

ಇದು ಬರೀ ಅವಸರದ ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಇವರು ಔಷಧ ಕಂಪನಿಯೊಂದರಲ್ಲಿ ರಸಾಯನ ವಿಜ್ಞಾನಿ. ‘ಸೈಟೇಶನ್’ ಎಂದರೆ ಇವರ ಪಾಲಿಗೆ ಸಂಶೋಧನಾ ಪ್ರಬಂಧದಲ್ಲಿ ಇನ್ನೊಬ್ಬರ ಪ್ರಬಂಧವನ್ನು ಉಲ್ಲೇಖಿಸುವುದು. ಊರಿನಲ್ಲಿ ಅದೇ ಪದಕ್ಕೆ ಸನ್ಮಾನ ಸಮಾರಂಭದಲ್ಲಿ ಓದುವ ಬಿನ್ನವತ್ತಳೆ ಎಂಬ ಅರ್ಥವೂ ಇದೆ. ಪೊಲೀಸರು ಕೊಡುವ ಚೀಟಿಗೆ ನಾವು ಅಲ್ಲಿ ಚಲನ್ ಎನ್ನುತ್ತೇವೆ, ರಶೀದಿ ಎನ್ನುತ್ತೇವೆ, ಬಹಳವೆಂದರೆ ‘ಕೇಸು ಹಾಕಿದರು’ ಎನ್ನುತ್ತೇವೆ. ಇಲ್ಲಿಗೆ ಬಂದ ಮೇಲೆ ಅದು ಟಿಕೆಟ್ ಆಯಿತು. ಅದೇ ಟಿಕೆಟ್‌ಗೆ ಕಾನೂನಿನ ಬಾಯಲ್ಲಿ ಸೈಟೇಶನ್ ಎನ್ನುತ್ತಾರೆಂದು ಹದಿನೈದು ವರ್ಷ ಇಲ್ಲಿದ್ದ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಭಾರತದಲ್ಲಿ ಇಂಗ್ಲಿಷ್ ಕಲಿತವರು ಎಡವಲು ಇದಕ್ಕಿಂತ ಬೇರೆ ಕಲ್ಲು ಬೇಕಿಲ್ಲ.

ವಿಷಯ ಎದ್ದದ್ದು ಆಗಸ್ಟ್‌ನಲ್ಲಿ. ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆ, ಅಂದರೆ ಯುಎಸ್‌ಸಿಐಎಸ್, ಆಗಸ್ಟ್ 15ರಂದು ತನ್ನ ಅಧಿಕಾರಿಗಳಿಗೆ ಹೊಸ ಸೂಚನೆಯೊಂದನ್ನು ಹೊರಡಿಸಿತು. ಪೌರತ್ವಕ್ಕೆ ಬೇಕಾದ ‘ಸನ್ನಡತೆ’ಯನ್ನು ಇನ್ನು ಮುಂದೆ ಇಡಿಯಾಗಿ, ಬಿಗಿಯಾಗಿ ಅಳೆಯಬೇಕು ಎಂಬುದು ಅದರ ಸಾರ. ನಾಗರಿಕ ಹೊಣೆಗಾರಿಕೆಗೆ ಒಪ್ಪದ ನಡತೆಗೆ ಉದಾಹರಣೆ ಕೊಡುವಾಗ, ಅಜಾಗರೂಕತೆಯಿಂದ ಅಥವಾ ಪದೇ ಪದೇ ಸಂಚಾರ ನಿಯಮ ಮುರಿಯುವುದನ್ನು ಅದರಲ್ಲಿ ಹೆಸರಿಸಿಯೇ ಹೇಳಿದೆ. ನಮ್ಮ ಪರಿಚಯದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ದಿನ ಅದೇ ಮಾತು. ಅದನ್ನು ಓದುತ್ತ ನನಗೆ ಹಳೆಯದು ನೆನಪಾಯಿತು.

“ರೀ, ನಿಮಗೆ ಎರಡು ಟಿಕೆಟ್ ಬಂದಿದ್ದವಲ್ಲ, ಅರ್ಜಿಯಲ್ಲಿ ಬರೆದಿದ್ದೀರಾ?”

“ಅದನ್ನೆಲ್ಲ ಬರೆಯಬೇಕಾಗಿಲ್ಲ. 500 ಡಾಲರ್ ಒಳಗಿದ್ದರೆ ಹೇಳುವ ಅಗತ್ಯವೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ.”

ಎಲ್ಲರೂ ಹೇಳುತ್ತಾರೆ ಎಂಬುದು ನಿಜ. ಆಮೇಲೆ ನಾನು ಹತ್ತಾರು ಮನೆಗಳಲ್ಲಿ ಇದೇ ಮಾತನ್ನು ಕೇಳಿದೆ. ಆ 500 ಡಾಲರ್ ಎಲ್ಲಿಂದ ಬಂತೆಂದು ಆ ರಾತ್ರಿಯೇ ಹುಡುಕಿದೆ. ಇಲಾಖೆಯೇ ಅರ್ಜಿದಾರರಿಗಾಗಿ ಹೊರಡಿಸಿರುವ ದಾಖಲೆಗಳ ಪಟ್ಟಿಯಲ್ಲಿ ಅದು ಸಿಕ್ಕಿತು. ಅಲ್ಲಿರುವ ಮಾತು ಹೀಗಿದೆ: ಮದ್ಯ ಅಥವಾ ಮಾದಕ ವಸ್ತುವಿಗೆ ಸಂಬಂಧಿಸದ, ಬಂಧನವಾಗದ, 500 ಡಾಲರ್‌ಗಿಂತ ಕಡಿಮೆ ದಂಡ ಅಥವಾ ಚಾಲನಾ ಪರವಾನಗಿಯ ಮೇಲೆ ಪಾಯಿಂಟ್ (ತಪ್ಪಿಗೆ ಹಾಕುವ ಕಪ್ಪು ಅಂಕ) ಮಾತ್ರ ಬಿದ್ದ ಸಂಚಾರ ಪ್ರಕರಣಗಳಿಗೆ ದಾಖಲೆ ಪತ್ರಗಳನ್ನು ಲಗತ್ತಿಸಬೇಕಾಗಿಲ್ಲ. ದಾಖಲೆ ಲಗತ್ತಿಸಬೇಕಾಗಿಲ್ಲ, ಅಷ್ಟೇ. ವಿಷಯವನ್ನೇ ಹೇಳಬೇಕಾಗಿಲ್ಲ ಎಂದು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಾಗ ‘ಕಾಗದ ಬೇಡ’ ಎಂಬುದು ‘ಹೇಳುವುದೇ ಬೇಡ’ ಎಂದಾಗಿದೆ. ನಮ್ಮ ಇಡೀ ಪ್ರಕರಣ ನಿಂತದ್ದು ಈ ಒಂದು ವ್ಯತ್ಯಾಸದ ಮೇಲೆ.

ಮರುದಿನ ಇವರನ್ನು ಕೂರಿಸಿಕೊಂಡು ಒಂದೊಂದಾಗಿ ನೆನಪಿಸಿಕೊಂಡೆವು.

ಮೊದಲನೆಯದು 2013ರದು. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿಯ ಮಿತಿಯಿರುವಲ್ಲಿ 83. ಹಾಗೇ ಒಪ್ಪಿಕೊಂಡಿದ್ದರೆ ಪರವಾನಗಿಯ ಮೇಲೆ ನಾಲ್ಕು ಪಾಯಿಂಟ್ ಬೀಳುತ್ತಿತ್ತು. ಇವರು ಆ ಪಟ್ಟಣದ ಮುನಿಸಿಪಲ್ ಕೋರ್ಟಿಗೆ ಹೋಗಿ ಸರದಿಯಲ್ಲಿ ನಿಂತರು. ಸರ್ಕಾರಿ ವಕೀಲರು ಅದನ್ನು ‘ಅಸುರಕ್ಷಿತ ಚಾಲನೆ’ ಎಂಬ ಬೇರೊಂದು ಕಲಮಿಗೆ ಇಳಿಸಿದರು. ನ್ಯೂಜೆರ್ಸಿಯಲ್ಲಿ ಇದು ದಿನನಿತ್ಯ ನಡೆಯುವ ವ್ಯವಹಾರ. ಮೊದಲ ಸಲಕ್ಕೆ ಪಾಯಿಂಟ್ ಇಲ್ಲ, ಬದಲಿಗೆ ದಂಡದ ಜೊತೆಗೆ 250 ಡಾಲರ್ ಹೆಚ್ಚುವರಿ. ಎಲ್ಲ ಸೇರಿ ನಾನೂರರ ಮೇಲೆ ಕಟ್ಟಿದ್ದರು. ಎರಡನೆಯದು 2022ರದು. ಮಗಳ ಶಾಲೆಯ ಹತ್ತಿರ ಸ್ಟಾಪ್ ಫಲಕದ ಮುಂದೆ ಕಾರನ್ನು ಪೂರ್ತಿ ನಿಲ್ಲಿಸದೆ ತಿರುಗಿಸಿದ್ದಕ್ಕೆ 85 ಡಾಲರ್, ಎರಡು ಪಾಯಿಂಟ್.

ಮೂರನೆಯದನ್ನು ಇವರೇ ಬಹಳ ಹೊತ್ತಿನ ಮೇಲೆ ನೆನಪು ಮಾಡಿಕೊಂಡರು. 2007ರಲ್ಲಿ, ನಮ್ಮ ಮದುವೆಗೂ ಮೊದಲು, ಬೆಂಗಳೂರಿನ ಮಿನರ್ವ ವೃತ್ತದ ಹತ್ತಿರ ಸಿಗ್ನಲ್ ದಾಟಿದ್ದಕ್ಕೆ ಸ್ಕೂಟರ್ ನಿಲ್ಲಿಸಿ 100 ರೂಪಾಯಿ ದಂಡ ಹಾಕಿದ್ದರು. ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಲ್ಲಿ ಆಗ ಮೊದಲ ತಪ್ಪಿಗೆ ಇದ್ದ ಗರಿಷ್ಠ ದಂಡವೇ ಅಷ್ಟು. ರಶೀದಿ ಅದೇ ದಿನ ಜೇಬಿನಲ್ಲಿ ಮುದ್ದೆಯಾಗಿ ಹೋಗಿರಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಆ ಸ್ಕೂಟರ್ ಇನ್ನೂ ಇವರ ಹೆಸರಿನಲ್ಲೇ ಇತ್ತು. ಓಡಿಸುತ್ತಿದ್ದವನು ಮೈದುನ. ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ನೋಡಿದರೆ ಕ್ಯಾಮೆರಾ ಹಿಡಿದ ಮೂರು ಪ್ರಕರಣಗಳು ಬಾಕಿ ಇದ್ದವು: ಎರಡು ಹೆಲ್ಮೆಟ್ ಇಲ್ಲದ್ದಕ್ಕೆ, ಒಂದು ಏಕಮುಖ ರಸ್ತೆಯಲ್ಲಿ ನುಗ್ಗಿದ್ದಕ್ಕೆ. ಅದೇ ಹೊತ್ತಿಗೆ ಕರ್ನಾಟಕದಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಶೇಕಡ 50ರ ರಿಯಾಯಿತಿ ಕೊಟ್ಟಿದ್ದರು. ಮೈದುನನಿಗೆ ಫೋನ್ ಮಾಡಿದೆವು. “ಅತ್ತಿಗೆ, ಅಣ್ಣನ ಅಮೆರಿಕದ ಅರ್ಜಿಗೂ ನನ್ನ ಹೆಲ್ಮೆಟ್‌ಗೂ ಏನು ಸಂಬಂಧ?” ಎಂದು ಅವನು ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಅವನು ಅದೇ ವಾರ ದಂಡ ಕಟ್ಟಿ, ವಾಹನವನ್ನು ತನ್ನ ಹೆಸರಿಗೆ ಬದಲಾಯಿಸಿಕೊಳ್ಳುವ ಅರ್ಜಿಯನ್ನೂ ಹಾಕಿದ.

ವಕೀಲರು ಹೇಳಿದ್ದು

ನಮ್ಮ ತೀರ್ಮಾನವನ್ನೇ ನಂಬಿ ಕೂರುವ ವಿಷಯ ಇದಲ್ಲ ಎಂದು ವಲಸೆ ಕಾನೂನಿನ ವಕೀಲರೊಬ್ಬರನ್ನು ಕಂಡೆವು. ಅರ್ಧ ಗಂಟೆಯ ಸಲಹೆ. ಆಕೆ ಮೊದಲು ಕೇಳಿದ್ದು ಮೂರೇ ಪ್ರಶ್ನೆ: ಕುಡಿದಿದ್ದಿರಾ, ಯಾರಿಗಾದರೂ ಗಾಯವಾಗಿತ್ತಾ, ದಂಡವೆಲ್ಲ ಕಟ್ಟಿ ಮುಗಿದಿದೆಯಾ? ಉತ್ತರ ಕೇಳಿದ ಮೇಲೆ, ಈ ಟಿಕೆಟ್‌ಗಳಿಂದ ನಿಮ್ಮ ಪೌರತ್ವ ತಪ್ಪುವುದು ತೀರಾ ಅಪರೂಪ ಎಂದರು. ಕುಡಿದು ಓಡಿಸಿದ ಪ್ರಕರಣವಾಗಿದ್ದರೆ ಮಾತೇ ಬೇರೆ. ಗಣನೆಯ, ಅಂದರೆ ಅರ್ಜಿಗೆ ಹಿಂದಿನ, ಐದು ವರ್ಷದೊಳಗೆ ಅಂಥ ಎರಡು ಶಿಕ್ಷೆಗಳಾಗಿದ್ದರೆ ಸನ್ನಡತೆ ಇಲ್ಲವೆಂದೇ ಆರಂಭದಲ್ಲಿ ಭಾವಿಸಬೇಕು ಎಂದು 2019ರಲ್ಲಿ ಅಟಾರ್ನಿ ಜನರಲ್, ಅಂದರೆ ಅಮೆರಿಕದ ನ್ಯಾಯ ಇಲಾಖೆಯ ಮುಖ್ಯಸ್ಥರು, ತೀರ್ಪು ಕೊಟ್ಟಿದ್ದಾರೆ.

ಆಮೇಲೆ ಆಕೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಟಿಕೆಟ್ ಬೇರೆ, ಟಿಕೆಟ್ ಇಲ್ಲ ಎನ್ನುವುದು ಬೇರೆ. ಪೌರತ್ವದಂಥ ಸೌಲಭ್ಯ ಪಡೆಯುವ ಉದ್ದೇಶದಿಂದ ಪ್ರಮಾಣ ಮಾಡಿ ಸುಳ್ಳು ಹೇಳಿದರೆ, ಆ ಕಾರಣಕ್ಕೇ ಸನ್ನಡತೆ ಇಲ್ಲವೆಂದು ಕಾನೂನು ತೀರ್ಮಾನಿಸುತ್ತದೆ. 1988ರ ಕುಂಗಿಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದರ ಎರಡು ಮುಖಗಳನ್ನು ಬಿಡಿಸಿಟ್ಟಿದೆ. ಸುಳ್ಳು ಎಷ್ಟೇ ಕ್ಷುಲ್ಲಕ ವಿಷಯದ್ದಾಗಿದ್ದರೂ ಈ ನಿಯಮದಡಿ ಅದು ಸುಳ್ಳೇ, ಇದು ಒಂದು. ಆದರೆ ಅದು ಪ್ರಮಾಣ ಮಾಡಿ ಬಾಯಿಂದ ಹೇಳಿದ್ದಾಗಿರಬೇಕು, ಉದ್ದೇಶವೂ ಲಾಭ ಪಡೆಯುವುದೇ ಆಗಿರಬೇಕು, ಇದು ಇನ್ನೊಂದು. ಅಂದರೆ ಇವರು ಜುಲೈನ ಆ ರಾತ್ರಿ ಹಾಕಿದ ‘ಇಲ್ಲ’ ಇನ್ನೂ ಆ ಅರ್ಥದ ಸುಳ್ಳು ಸಾಕ್ಷ್ಯವಾಗಿರಲಿಲ್ಲ. ಅರ್ಜಿಯ ಕೊನೆಯಲ್ಲಿ ಸುಳ್ಳಿಗೆ ಶಿಕ್ಷೆಯುಂಟು ಎಂಬ ಮಾತಿನ ಕೆಳಗೇ ಸಹಿ ಮಾಡಿರುತ್ತೇವೆ, ಹಾಗಾಗಿ ಅದು ಹಗುರವಾದದ್ದಂತೂ ಅಲ್ಲ. ಆದರೂ ಸಂದರ್ಶನದ ದಿನ ಬಲಗೈ ಎತ್ತಿ ಪ್ರಮಾಣ ಮಾಡಿ, ಅಧಿಕಾರಿ ಅದೇ ಪ್ರಶ್ನೆ ಕೇಳಿದಾಗ ಮತ್ತೆ ‘ಇಲ್ಲ’ ಎಂದಿದ್ದರೆ, ಅದೂ ಗೊತ್ತಿದ್ದೂ ಎಂದಿದ್ದರೆ, ಅಲ್ಲಿಗೆ ಮರೆವು ಹೋಗಿ ಸುಳ್ಳಾಗುತ್ತಿತ್ತು. ತಿದ್ದಿಕೊಳ್ಳಲು ನಮ್ಮ ಕೈಯಲ್ಲಿ ಸಮಯವಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಭಯವೇ ಎಂದು ಕೇಳುವವರಿದ್ದಾರೆ. ಅದೇ ಪ್ರಶ್ನೆಯನ್ನು ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರೇ ಕೇಳಿದ್ದಾರೆ. 2017ರ ಏಪ್ರಿಲ್‌ನಲ್ಲಿ ಮಸ್ಲೆನ್ಯಾಕ್ ಎಂಬ ಪ್ರಕರಣದ ವಾದ ನಡೆಯುತ್ತಿತ್ತು. ಬೋಸ್ನಿಯಾದಿಂದ ಬಂದ ಮಹಿಳೆಯೊಬ್ಬರು ಗಂಡನ ಸೇನಾ ಸೇವೆಯ ವಿಷಯದಲ್ಲಿ ಸುಳ್ಳು ಹೇಳಿದ್ದರೆಂದು ಕ್ರಿಮಿನಲ್ ಪ್ರಕರಣ ಹೂಡಿ ಅವರ ಪೌರತ್ವವನ್ನು ಕಿತ್ತುಕೊಂಡಿದ್ದರು. ವಾದದ ನಡುವೆ ರಾಬರ್ಟ್ಸ್ ತಮ್ಮದೇ ಉದಾಹರಣೆ ಕೊಟ್ಟರು: ನಾನು ಹಿಂದೊಮ್ಮೆ 55 ಮೈಲಿಯ ಮಿತಿಯಲ್ಲಿ 60ರ ವೇಗದಲ್ಲಿ ಕಾರು ಓಡಿಸಿದ್ದೆ, ಸಿಕ್ಕಿಬೀಳಲಿಲ್ಲ. ಅರ್ಜಿಯಲ್ಲಿ ಅದನ್ನು ಹೇಳದಿದ್ದರೆ ಇಪ್ಪತ್ತು ವರ್ಷದ ಮೇಲೆ ಬಂದು ಬಾಗಿಲು ತಟ್ಟಿ ನೀನು ಪ್ರಜೆಯಲ್ಲ ಎನ್ನಬಹುದೇ ಎಂದು ಸರ್ಕಾರದ ವಕೀಲರನ್ನು ಕೇಳಿದರು. ಸರ್ಕಾರದ ವಾದ ಆ ದಿಕ್ಕಿಗೇ ಹೋಗುತ್ತಿತ್ತು. ಜೂನ್‌ನಲ್ಲಿ ಬಂದ ತೀರ್ಪು ಅದನ್ನು ಒಪ್ಪಲಿಲ್ಲ. ಹೇಳಿದ ಸುಳ್ಳು ಪೌರತ್ವ ಸಿಕ್ಕಿದ್ದರಲ್ಲಿ ಪಾತ್ರ ವಹಿಸಿರಬೇಕು, ಇಲ್ಲದಿದ್ದರೆ ಆ ಕ್ರಿಮಿನಲ್ ಕಾನೂನಿನಡಿ ಪೌರತ್ವ ಕಸಿಯುವಂತಿಲ್ಲ ಎಂದಿತು.

ಈ ತೀರ್ಪು ನನಗೆ ಸಮಾಧಾನ ಕೊಟ್ಟಿತು. ಆದರೆ ಅದು ಪೌರತ್ವ ಸಿಕ್ಕಿದ ಮೇಲಿನ ರಕ್ಷಣೆ. ಅರ್ಜಿ ಇನ್ನೂ ಅಧಿಕಾರಿಯ ಮುಂದಿರುವಾಗ ಅದನ್ನು ನಂಬಿಕೊಂಡು ಸುಮ್ಮನಿರುವುದು ಸರಿಯಲ್ಲ. ನಮ್ಮಂಥವರಿಗೆ ಇನ್ನೊಂದು ಕಾರಣವೂ ಇದೆ. ಭಾರತದ 1955ರ ಪೌರತ್ವ ಕಾಯ್ದೆಯ ಪ್ರಕಾರ, ಬೇರೆ ದೇಶದ ಪೌರತ್ವವನ್ನು ನಾವಾಗಿ ಪಡೆದ ಕ್ಷಣದಲ್ಲಿ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಹಿಂದಿರುಗಿಸಬೇಕು, ಆಮೇಲೆ ಒಸಿಐ ಕಾರ್ಡಿಗೆ (ವಿದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಅರ್ಜಿ ಹಾಕಬೇಕು. ಹುಟ್ಟಿದ ದಡವನ್ನು ಬಿಟ್ಟು ಹೊರಟ ಮೇಲೆ, ಕಾಲಿಡುವ ದಡ ಗಟ್ಟಿಯಿರಲಿ ಎಂದು ಬಯಸುವುದು ಹೇಡಿತನವಲ್ಲ.

ಬೆಂಗಳೂರಿನ 100 ರೂಪಾಯಿಯನ್ನೂ ಬರೆಯಿರಿ ಎಂದರು ವಕೀಲರು. ಪ್ರಶ್ನೆ ಜಗತ್ತಿನ ಯಾವ ಮೂಲೆಯನ್ನೂ ಬಿಟ್ಟಿಲ್ಲ. ದಿನಾಂಕ ನೆನಪಿಲ್ಲದಿದ್ದರೆ ಅಂದಾಜು ಎಂದು ಬರೆದರಾಯಿತು. ಸ್ಕೂಟರಿನ ಕ್ಯಾಮೆರಾ ಚಲನ್‌ಗಳ ಬಗ್ಗೆ ಅವರಿಗೂ ಒಂದು ಕ್ಷಣ ಯೋಚನೆಯಾಯಿತು. ಅವು ವಾಹನದ ಮೇಲೆ ಹಾಕಿದ್ದು, ವ್ಯಕ್ತಿಯನ್ನು ನಿಲ್ಲಿಸಿ ಹಾಕಿದ್ದಲ್ಲ. ಆ ದಿನಗಳಲ್ಲಿ ಇವರು ಭಾರತದಲ್ಲೇ ಇರಲಿಲ್ಲ ಎಂಬುದಕ್ಕೆ ಪಾಸ್‌ಪೋರ್ಟಿನ ಮುದ್ರೆಗಳೇ ಸಾಕ್ಷಿ. ತಪ್ಪುಗಳ ಪಟ್ಟಿಯಲ್ಲಿ ಸೇರಿಸುವುದು ಬೇಡ, ವಿವರಣೆ ಪತ್ರದಲ್ಲಿ ಒಂದು ಸಾಲು ಇರಲಿ ಎಂದರು. ನಿಲುಗಡೆಯ ದಂಡಗಳಿಗೂ ಇದೇ ತರ್ಕ: ಅವು ಕಾರಿಗೆ ಅಂಟಿಸಿ ಹೋದ ಚೀಟಿಗಳು, ಅವನ್ನು ಪಟ್ಟಿ ಮಾಡಬೇಕಾಗಿಲ್ಲ ಎಂಬುದು ಅವರ ಅಭಿಪ್ರಾಯ. ಬೇರೆ ವಕೀಲರು ಬೇರೆ ಹೇಳಬಹುದು ಎಂದೂ ಸೇರಿಸಿದರು.

ಕಾಗದ

500 ಡಾಲರ್‌ಗಿಂತ ಕಡಿಮೆಯಾದ್ದರಿಂದ ದಾಖಲೆ ಬೇಕಿರಲಿಲ್ಲ. ಆದರೂ 2013ರ ದಂಡ ಆ ಗೆರೆಯ ಹತ್ತಿರವೇ ಇತ್ತು, ಮೇಲಾಗಿ ಒಮ್ಮೆ ‘ಇಲ್ಲ’ ಎಂದವರು ಈಗ ‘ಹೌದು’ ಎನ್ನುವಾಗ ಕೈಯಲ್ಲಿ ಕಾಗದ ಇರುವುದು ಒಳ್ಳೆಯದು ಎಂದು ಎರಡೂ ಕೋರ್ಟುಗಳಿಂದ ದೃಢೀಕೃತ ಪ್ರತಿ ತಂದೆವು. ಮೊದಲನೆಯ ಪಟ್ಟಣದ ಕೋರ್ಟು ಪೊಲೀಸ್ ಠಾಣೆಯ ಕಟ್ಟಡದಲ್ಲೇ ಇದೆ. ಗಾಜಿನ ಕಿಟಕಿಯ ಹಿಂದಿದ್ದ ಗುಮಾಸ್ತೆ ಹೆಸರು, ಜನ್ಮದಿನಾಂಕ ಕೇಳಿ, ಐದು ನಿಮಿಷದಲ್ಲಿ ಒಂದು ಹಾಳೆ ಮುದ್ರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಮೊಹರು ಹಾಕಿ ಕೊಟ್ಟರು. ಬೆರಳಾಡಿಸಿದರೆ ಉಬ್ಬು ಅಕ್ಷರಗಳು ತಗಲುತ್ತಿದ್ದವು. ಹಾಳೆಯ ಮೇಲ್ಭಾಗದಲ್ಲಿ ಒಂದು ಕಡೆ ‘ಸ್ಟೇಟ್ ಆಫ್ ನ್ಯೂಜೆರ್ಸಿ’, ನಡುವೆ ‘ವಿರುದ್ಧ’, ಇನ್ನೊಂದು ಕಡೆ ಇವರ ಪೂರ್ಣ ಹೆಸರು, ಮಾವನವರ ಹೆಸರಿನ ಸಮೇತ. ಕಾರಿನಲ್ಲಿ ಕೂತು ಇವರು ಅದನ್ನು ಬಹಳ ಹೊತ್ತು ನೋಡಿದರು. “ಇಡೀ ರಾಜ್ಯವೇ ನನ್ನ ವಿರುದ್ಧ ನಿಂತಿದೆ. ಇದನ್ನು ನಾನು ಏನೂ ಅಲ್ಲ ಎಂದುಕೊಂಡಿದ್ದೆ” ಎಂದರು.

ಆನ್‌ಲೈನ್‌ನಲ್ಲಿ ಸಲ್ಲಿಸಿದ ಅರ್ಜಿಯ ಉತ್ತರವನ್ನು ನಾವೇ ತಿದ್ದಲು ಬರುವುದಿಲ್ಲ. ಆದರೆ ಅದೇ ಖಾತೆಯಲ್ಲಿ ಹೆಚ್ಚುವರಿ ದಾಖಲೆ ಏರಿಸಲು ಜಾಗವಿದೆ. ಅಲ್ಲಿ ಒಂದು ಪುಟದ ಪತ್ರ ಏರಿಸಿದೆವು. ಇವರು ಮೊದಲು ಬರೆದ ಕರಡು ಎರಡೂವರೆ ಪುಟವಿತ್ತು: ಮಗಳಿಗೆ ಜ್ವರವಿತ್ತು, ಎದುರಿಗೆ ವಾಹನವೇ ಇರಲಿಲ್ಲ, ಫಲಕದ ಮುಂದೆ ಮರದ ಕೊಂಬೆ ಬಾಗಿತ್ತು. ವಕೀಲರು ಅದೆಲ್ಲವನ್ನೂ ಹೊಡೆದುಹಾಕಿದರು. ಉಳಿದದ್ದು ಇಷ್ಟು: ಇಂಥ ಪ್ರಶ್ನೆಗೆ ‘ಇಲ್ಲ’ ಎಂದಿದ್ದೆ, ಸಂಚಾರ ದಂಡಗಳೂ ಇದರಲ್ಲಿ ಸೇರುತ್ತವೆಂದು ಆಗ ಅರ್ಥವಾಗಿರಲಿಲ್ಲ, ಸರಿಯಾದ ಉತ್ತರ ‘ಹೌದು’, ಮೂರು ಘಟನೆಗಳ ದಿನಾಂಕ, ಸ್ಥಳ, ಆರೋಪ, ಫಲಿತಾಂಶ ಹೀಗಿವೆ. ಇದರ ಜೊತೆಗೆ, ಇವರು ಶನಿವಾರದ ಕನ್ನಡ ತರಗತಿಯಲ್ಲಿ ಎಂಟು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿರುವುದಕ್ಕೆ ಅಲ್ಲಿನ ಸಂಯೋಜಕರಿಂದ ಒಂದು ಪತ್ರವನ್ನೂ ಸೇರಿಸಿದೆವು. ಆಗಸ್ಟ್‌ನ ಸೂಚನೆ ತಪ್ಪುಗಳನ್ನು ಮಾತ್ರ ಲೆಕ್ಕ ಹಾಕಲು ಹೇಳಿಲ್ಲ. ಸಮುದಾಯದಲ್ಲಿ ತೊಡಗಿಸಿಕೊಂಡದ್ದು, ತೆರಿಗೆ ಕಟ್ಟಿದ್ದು, ನೆಟ್ಟಗೆ ಉದ್ಯೋಗ ಮಾಡಿದ್ದು, ಇವನ್ನೂ ತೂಗಬೇಕೆಂದು ಹೇಳಿದೆ. ಬಿಗಿಯಾದ ಭಾಗವನ್ನು ಓದಿ ಹೆದರುವವರು ಈ ಭಾಗವನ್ನು ಓದುವುದೇ ಇಲ್ಲ.

ಸಂದರ್ಶನ

ಡಿಸೆಂಬರ್ ಮೊದಲ ವಾರ, ಬೆಳಗ್ಗೆ ಎಂಟೂವರೆ. ನಾನು ಹೊರಗಿನ ಕೋಣೆಯಲ್ಲಿದ್ದೆ. ಒಳಗೆ ನಡೆದದ್ದನ್ನು ಇವರು ಹೇಳಿದಂತೆ ಬರೆಯುತ್ತಿದ್ದೇನೆ. ಅಧಿಕಾರಿ ನಿಲ್ಲಿಸಿ ಬಲಗೈ ಎತ್ತಿಸಿದರು. ಪ್ರಮಾಣ ಮುಗಿದು ಕುಳಿತ ತಕ್ಷಣ ಇವರು, ಪ್ರಶ್ನೆ ಶುರುವಾಗುವ ಮೊದಲೇ, “ನನ್ನ ಅರ್ಜಿಯಲ್ಲಿ ಒಂದು ಉತ್ತರ ತಪ್ಪಾಗಿದೆ, ತಿದ್ದಬೇಕು. ಪತ್ರ ಏರಿಸಿದ್ದೇನೆ, ಪ್ರತಿಯೂ ಇಲ್ಲಿದೆ” ಎಂದರು. ಆ ಪ್ರಶ್ನೆ ಬಂದಾಗ ನೋಡೋಣ ಎಂದು ಅಧಿಕಾರಿ ಮುಂದೆ ಹೋದರು. ಚರಿತ್ರೆ, ಸರ್ಕಾರದ ಪ್ರಶ್ನೆಗಳಲ್ಲಿ ಮೊದಲ ಆರಕ್ಕೆ ಆರೂ ಸರಿಯಾದ್ದರಿಂದ ಅದು ಅಲ್ಲಿಗೆ ನಿಂತಿತು. ಒಂದು ವಾಕ್ಯ ಓದಿದ್ದಾಯಿತು, ಒಂದು ವಾಕ್ಯ ಬರೆದದ್ದಾಯಿತು.

ಆ ಪ್ರಶ್ನೆ ಬಂತು. ಇವರು ‘ಹೌದು’ ಎಂದರು. ಅಧಿಕಾರಿ ಹಾಳೆಗಳನ್ನು ತೆಗೆದುಕೊಂಡು, ಮೊಹರಿನ ಮೇಲೆ ಹೆಬ್ಬೆರಳು ಆಡಿಸಿ, ಪರದೆಯ ಮೇಲೆ ಒಂದೊಂದಾಗಿ ಟೈಪ್ ಮಾಡಿಕೊಂಡರು. 2022ರದು ಗಣನೆಯ ಐದು ವರ್ಷದೊಳಗಿನದಾದ್ದರಿಂದ ಅದರ ಬಗ್ಗೆ ಎರಡು ಪ್ರಶ್ನೆ ಹೆಚ್ಚು ಕೇಳಿದರು. ಬೆಂಗಳೂರಿನ ಸಾಲಿಗೆ ಬಂದಾಗ, 100 ರೂಪಾಯಿ ಅಂದರೆ ಎಷ್ಟು ಡಾಲರ್ ಎಂದರು. ಆಗಿನ ಲೆಕ್ಕದಲ್ಲಿ ಎರಡೂವರೆಯ ಹತ್ತಿರ ಎಂದು ಇವರು ಹೇಳಿದರು. ಅಧಿಕಾರಿ ತಲೆ ಎತ್ತಿ ನೋಡಿ, ಮತ್ತೆ ಬಗ್ಗಿ, ಅದನ್ನೂ ಬರೆದುಕೊಂಡರು. ಬಂಧನವಾಗಿತ್ತೇ, ಬೇರೆ ಏನಾದರೂ ಇದೆಯೇ? ಇಲ್ಲ. ಮೊದಲು ಏಕೆ ‘ಇಲ್ಲ’ ಎಂದಿರಿ? ಪದ ಅರ್ಥವಾಗಿರಲಿಲ್ಲ, 500 ಡಾಲರ್ ನಿಯಮವನ್ನೂ ತಪ್ಪಾಗಿ ತಿಳಿದಿದ್ದೆ. ಅಷ್ಟೇ ಮಾತು. ತಿದ್ದಿದ ಉತ್ತರಗಳನ್ನು ತೋರಿಸಿ ಮತ್ತೆ ಸಹಿ ಹಾಕಿಸಿಕೊಂಡರು.

ಹೊರಗೆ ಬಂದಾಗ ಇವರ ಕೈಯಲ್ಲಿದ್ದ ಫಲಿತಾಂಶದ ಹಾಳೆಯಲ್ಲಿ, ತೀರ್ಮಾನವನ್ನು ಈಗಲೇ ಹೇಳಲಾಗದು ಎಂಬ ಚೌಕಕ್ಕೆ ಗುರುತು ಬಿದ್ದಿತ್ತು. ಸ್ನೇಹಿತರಿಗೆಲ್ಲ ಆ ಕ್ಷಣವೇ ಮಂಜೂರಾತಿಯ ಶಿಫಾರಸು ಸಿಕ್ಕಿತ್ತು. “ಸುಮ್ಮನಿದ್ದಿದ್ದರೆ ಇವತ್ತೇ ಮುಗಿಯುತ್ತಿತ್ತೇನೋ” ಎಂದು ಇವರು ದಾರಿಯಲ್ಲಿ ಒಮ್ಮೆ ಹೇಳಿದರು. ನಾನು ಏನೂ ಹೇಳಲಿಲ್ಲ. ಆ ಒಂಬತ್ತು ದಿನ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಹತ್ತನೆಯ ದಿನ ಬೆಳಗ್ಗೆ ಖಾತೆಯಲ್ಲಿ ‘ಮಂಜೂರಾಗಿದೆ’ ಎಂದು ಬಂತು.

ಪ್ರಮಾಣ ವಚನ ಸಮಾರಂಭದ ಕರೆಪತ್ರ ಎನ್-445 ಜನವರಿಯಲ್ಲಿ ಬಂದಾಗ ನಾನು ಮೊದಲು ತಿರುಗಿಸಿ ನೋಡಿದ್ದು ಅದರ ಪ್ರಶ್ನೆಗಳ ಪಟ್ಟಿಯನ್ನು. ಸಂದರ್ಶನವಾದ ಮೇಲೆ ಏನೇನಾಗಿದೆ ಎಂದು ಅಲ್ಲಿ ಕೇಳುತ್ತಾರೆ, ಸಮಾರಂಭದ ದಿನವೇ ಉತ್ತರ ತುಂಬಿ ಕೊಡಬೇಕು. ಯಾವುದಾದರೂ ಕಾನೂನು ಮುರಿದು ನಿಮಗೆ ದಂಡ ಬಿದ್ದಿದೆಯೇ ಎಂದು ಕೇಳುವ ಸಾಲಿನ ಕೊನೆಯಲ್ಲಿ, ‘ಸಂಚಾರ ನಿಯಮ ಉಲ್ಲಂಘನೆಯೂ ಸೇರಿದಂತೆ’ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಜುಲೈನ ನಮೂನೆಯಲ್ಲೂ ಈ ಮಾತು ಇದ್ದಿದ್ದರೆ ಎಷ್ಟು ಮನೆಗಳಲ್ಲಿ ಎಷ್ಟು ರಾತ್ರಿಯ ನಿದ್ರೆ ಉಳಿಯುತ್ತಿತ್ತು!

ಸಂದರ್ಶನದಿಂದ ಸಮಾರಂಭದವರೆಗೆ ಕಾರನ್ನು ನಾನೇ ಓಡಿಸಿದೆ. ಸಮಾರಂಭದ ಬೆಳಗ್ಗೆ, ಸಭಾಂಗಣದ ಹೊರಗಿನ ಸಾಲಿನಲ್ಲಿ ನಿಂತು, ಇವರು ಆ ಪ್ರಶ್ನೆಗಳನ್ನು ಒಂದೊಂದೇ ಪದ ಬೆರಳಿಟ್ಟು ಓದಿ ‘ಇಲ್ಲ’ ಎಂದು ಗುರುತು ಹಾಕಿದರು. ಮೇಜಿನ ಹಿಂದಿದ್ದ ಅಧಿಕಾರಿ ಹಾಳೆ ನೋಡಿ, ಗ್ರೀನ್ ಕಾರ್ಡ್ ತೆಗೆದುಕೊಂಡು, ಕೂರುವ ಸಾಲಿನ ಸಂಖ್ಯೆ ಹೇಳಿದರು.